ದೊರೆ ಬಿಟ್ಟ ಕೇರಿ

ನಾನೊಂದು ತೈಲಚಿತ್ರ. ಕಂಪನಿ ಸರ್ಕಾರದ ಕಾಲದಲ್ಲಿ ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದೆ. ನನ್ನನ್ನು ಬರೆದ ಬಿಳಿಯ ದೊರೆಗೆ ಪ್ರಶಾಂತತೆಯ ಹುಚ್ಚು. ಹೊಳೆ, ಕಲ್ಲುಮೆಟ್ಟಿಲು, ಗುಡಿಯ ಗೋಪುರ, ಸಂಜೆಯ ಹೊಂಬಿಸಿಲು ಎಲ್ಲವನ್ನೂ ಕೊಟ್ಟ. ಬಲದಂಡೆಯಲ್ಲಿ ತೊಗಲು ಹದಮಾಡುವವರ ಕೇರಿಯಿತ್ತು. ಸುಣ್ಣದ ಗುಂಡಿ, ಹಸಿ ತೊಗಲು, ಹೊಗೆ ಅವನ ಚಿತ್ರದ ಅಂದ ಕೆಡಿಸುತ್ತಿದ್ದವು. ಕುಂಚವನ್ನು ಹಸಿರಿನಲ್ಲಿ ಅದ್ದಿ ಅಲ್ಲಿ ನಾಲ್ಕು ಮರ ನೆಟ್ಟ. ನಲವತ್ತು ಗುಡಿಸಲು ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಒಂದು ಹನಿ ರಕ್ತವೂ ಬರಲಿಲ್ಲ.

ಊರು ಬಿಡುವಾಗ ದೊರೆ ನನ್ನನ್ನು ದೇಸಾಯರಿಗೆ ಕೊಟ್ಟ. ವಾಡೆಯ ಗೋಡೆಯ ಮೇಲೆ ನೂರು ವರ್ಷ ತೂಗಿದೆ. ಬಿಟ್ಟಿ ದುಡಿಮೆಗೆ ಬರಲಿಲ್ಲವೆಂದು ಕೇರಿಯವರನ್ನು ಅಂಗಳದ ಕಂಬಕ್ಕೆ ಕಟ್ಟಿ, ಬಾರುಕೋಲಿನಿಂದ ಬೆನ್ನು ಸುಲಿಯುತ್ತಿದ್ದರು. ಒಳಗೆ ದೇಸಾಯರು ಎಲೆ ಅಡಿಕೆ ಮೆಲ್ಲುತ್ತ, ಬಂದವರಿಗೆ ನನ್ನನ್ನು ತೋರಿಸಿ, "ಎಂಥಾ ತಂಪ ಐತಿ ನೋಡ್ರಿ" ಎನ್ನುತ್ತಿದ್ದರು.

ವಾಡೆ ಬಿದ್ದ ಮೇಲೆ ಪುರಸಭೆಗೆ ಬಂದೆ. ಅಧ್ಯಕ್ಷ ವೀರನಗೌಡನಿಗೆ ಹೊಳೆದಂಡೆಯಲ್ಲಿ ಉದ್ಯಾನ ಬೇಕಿತ್ತು. ತುಂಬಿದ ಸಭೆಯಲ್ಲಿ ನನ್ನತ್ತ ಬೆರಳು ಮಾಡಿದ: "ನೋಡ್ರಿ, ಆವಾಗ ಅಲ್ಲಿ ಬರೇ ಗಿಡ ಇದ್ವು. ಈ ಮಂದಿ ಆಮ್ಯಾಲೆ ಬಂದು ವಕ್ಕರಿಸ್ಯಾರ."

ನಕಾಶೆಯನ್ನು ನಂಬುವಂತೆ ಎಲ್ಲರೂ ನನ್ನನ್ನು ನಂಬಿದರು. ಕೇರಿಯ ದ್ಯಾಮವ್ವ ಮಾತ್ರ ಎದ್ದು ನಿಂತಳು.

"ಗೌಡ್ರ, ಈ ಚಿತ್ರ ಬರದ ದೊರಿ ಬರಿಗಾಲಾಗ ಬಂದಿದ್ನೇನ್ರಿ? ಅವನ ಬೂಟು ಹೊಲದದ್ದು ಈ ಗಿಡಗೋಳೇನು?"

ಸಭೆ ನಕ್ಕಿತು. ಗೌಡ ನಗಲಿಲ್ಲ. "ಮುದುಕಿ, ಬಾಯಿ ಬಾಳ ಆತು ನಿಂದು."

ಮೂರನೆಯ ದಿನ ಬುಲ್ಡೋಜರ್ ಕೇರಿಗೆ ನುಗ್ಗಿತು. ಅದಕ್ಕೆ ಅಡ್ಡ ಮಲಗಿದ ಅವಳ ಮಗ ಹುಲುಗಪ್ಪನ ತಲೆಯನ್ನು ಲಾಠಿಗಳು ಒಡೆದವು. ಅವನು ಅಲ್ಲೇ ಸತ್ತ.

ಮಣ್ಣು ಮುಗಿಸಿ ದ್ಯಾಮವ್ವ ನೇರ ಪುರಸಭೆಗೆ ಬಂದಳು. ಸೆರಗಿನ ಮೇಲೆ ಮಗನ ರಕ್ತ ಕಪ್ಪಗೆ ಒಣಗಿತ್ತು. ಮಡಿಲಿನಿಂದ ತೊಗಲು ಕೊಯ್ಯುವ ರಂಪಿಗೆ ತೆಗೆದಳು. "ಇಲ್ಲೈತಿ ನಮ್ಮನಿ!" ಎನ್ನುತ್ತ ನನ್ನ ಬಲದಂಡೆಯನ್ನು ಇರಿದಳು, ಸೀಳಿದಳು, ಮರಗಳನ್ನು ಬುಡಸಮೇತ ಕಿತ್ತು ಎಸೆದಳು. ಅಷ್ಟು ವರ್ಷದಲ್ಲಿ ನನಗೆ ಮೊದಲ ಸಲ ನೋವಾಯಿತು.

ಈಗ ಠಾಣೆಯ ಮೂಲೆಯಲ್ಲಿ, ಸಾಕ್ಷ್ಯವೆಂದು ಮುದ್ದೆಮಾಲಿನ ಚೀಟಿ ಅಂಟಿಸಿಕೊಂಡು ಧೂಳು ತಿನ್ನುತ್ತಿದ್ದೇನೆ. ಮಗನನ್ನು ಕೊಂದವರ ಮೇಲೆ ಕೇಸಿಲ್ಲ. ನನ್ನನ್ನು ಹರಿದವಳು ಜೈಲಿನಲ್ಲಿದ್ದಾಳೆ. ಕೋರ್ಟಿನಲ್ಲಿ ನನ್ನನ್ನು ಅವಳ ವಿರುದ್ಧ ನಿಲ್ಲಿಸುತ್ತಾರಂತೆ. ನಿಲ್ಲಿಸಲಿ. ಈ ತೂತನ್ನು ತೋರಿಸದೆ ಅವಳ ತಪ್ಪನ್ನು ತೋರಿಸಲಾರರು. ತೋರಿಸಿದರೆ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಇಲ್ಲಿ ಏನಿತ್ತು?