ತಿಪ್ಪೇಶಪ್ಪನವರು ಹಾಡದ ಮಂಗಳ

"ಇದನ್ನ ಯಾವಾಗ ಹಾಡಿದ್ರು ಇವರು?"

ನನ್ನ ಪಕ್ಕ ಕೂತಿದ್ದ ಸಾವಂತ್ರಮ್ಮ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಸ್ಪೀಕರಿನಲ್ಲಿ ಅವರ ಗಂಡ ತಿಪ್ಪೇಶಪ್ಪನವರ ದನಿ ಮಂಗಳ ಹಾಡುತ್ತಿತ್ತು. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಸಂತೇಬೆನ್ನೂರಿನಲ್ಲಿ ಅಂದು ಅವರ ಪುರಾಣದ ಹಾಡುಗಳ ಬಿಡುಗಡೆ. ಶಿಷ್ಯ ಪ್ರಸನ್ನಕುಮಾರ್ ಹೋದ ವರ್ಷದ ಶ್ರಾವಣದ ರೆಕಾರ್ಡಿಂಗುಗಳಿಗೆ ಹಾರ್ಮೋನಿಯಂ, ತಬಲಾ ಸೇರಿಸಿದ್ದ. ತಟ್ಟೆಯಲ್ಲಿ ಹೂವಿನ ನಡುವೆ ಪೆನ್‌ಡ್ರೈವ್ ಬಂದಾಗ ಹಿಂದಿನ ಸಾಲಿನಿಂದ ಯಾರೋ, "ಇಡೀ ಶ್ರಾವಣ ಹೇಳಿದ್ದು ಇಷ್ಟ್ರಾಗೆ ಹೆಂಗ್ ಹಿಡೀತೋ ಮಾರಾಯ" ಎಂದಿದ್ದರು. ಸಾವಂತ್ರಮ್ಮನೂ ನಕ್ಕಿದ್ದರು.

ಆ ಶ್ರಾವಣ ಅವರು ಹೇಳಿದ ಪುರಾಣವನ್ನು ನಾನೂ ದಿನಾ ಹೋಗಿ ಕೇಳಿದವಳು. ಕೊನೆಯ ಸಂಧಿಯ ನಡುವೆ ತಿಪ್ಪೇಶಪ್ಪನವರಿಗೆ ಕೆಮ್ಮು ಹತ್ತಿತು. ನಾಳೆ ಮುಗಿಸೋಣವೆಂದು ಪುಸ್ತಕಕ್ಕೆ ಬಟ್ಟೆ ಸುತ್ತಿದರು. ಮರುದಿನ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಮಂಗಳ ಹಾಡಿ ಆರತಿ ಬೆಳಗುವವರೆಗೆ ಪುರಾಣ ಮುಗಿದಂತಲ್ಲ. ಯಜಮಾನರದ್ದು ನಿಂತಿದೆ, ಮುಗಿದಿಲ್ಲ ಎಂದೇ ಸಾವಂತ್ರಮ್ಮ ಎಲ್ಲರಿಗೂ ಹೇಳುತ್ತಿದ್ದರು. ವರ್ಷದ ಪುಣ್ಯಸ್ಮರಣೆಗೆ ಉಳಿದ ಪದ್ಯಗಳನ್ನು ತಾವೇ ಓದಿ ಮಂಗಳ ಹಾಡಬೇಕೆಂದು, ಸರಿಯಾಗಿ ಓದು ಬಾರದ ಅವರು ಅಕ್ಷರ ಕೂಡಿಸಿ ಕೂಡಿಸಿ ಕಲಿಯುತ್ತಿದ್ದರು.

ಹಾಡು ನಿಂತಿತು. ಪ್ರಸನ್ನಕುಮಾರ್ ಮೈಕ್ ಹಿಡಿದ. ಮಂಗಳದ ರೆಕಾರ್ಡಿಂಗ್ ಎಲ್ಲೂ ಸಿಗಲಿಲ್ಲ, ಗುರುಗಳ ಕೆಲಸ ಅರ್ಧಕ್ಕೆ ಉಳಿಯಬಾರದೆಂದು ಕಂಪ್ಯೂಟರಿನಲ್ಲಿ ಅವರದೇ ದನಿ ಮಾಡಿಸಿ ಹಾಡಿಸಿದ್ದೇನೆ ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ನಾನು ಸಾವಂತ್ರಮ್ಮನ ಕೈ ಹಿಡಿದೆ. 

"ದನಿ ಅವರದೇ," ಅಂದರು ಮೆಲ್ಲಗೆ. "ಆದ್ರೆ ಹಿಂದಿನ ವರ್ಷಗಳಾಗೆ ಮಂಗಳ ಹಾಡುವಾಗ ಎರಡನೇ ನುಡಿಗೆ ಅವರು ಉಸಿರು ತಗೊಳ್ತಿದ್ರು. ಇದು ಉಸಿರೇ ತಗೊಳ್ಳಿಲ್ಲ ನೋಡ್ರಿ."

ಅಷ್ಟರಲ್ಲಿ ಅವರನ್ನು ವೇದಿಕೆಗೆ ಕರೆದರು. ಆರತಿ ತಟ್ಟೆ ಕೈಗಿತ್ತರು. ಬತ್ತಿ ಹೊತ್ತಿಸಿಯೇ ಇತ್ತು. ಪ್ರಸನ್ನಕುಮಾರ್ ಅವರ ಕಾಲು ಮುಟ್ಟಿ ಎದ್ದ.

"ಅಮ್ಮಾ, ಇನ್ನೊಂದ್ಸಲ ಮಂಗಳ ಹಾಕ್ತೀನಿ. ನೀವು ಗುರುಗಳ ಫೋಟೊಕ್ಕೆ ಆರತಿ ಬೆಳಗ್ರಿ. ಅವರ ಪುರಾಣ ಇವತ್ತಿಗೆ ಮುಗಿದಂಗಾಗ್ತೈತೆ."

ದನಿ ಮತ್ತೆ ಶುರುವಾಯಿತು. ಜನ ಎದ್ದು ಕೈಮುಗಿದರು. ನಾನೂ ಎದ್ದುಬಿಟ್ಟಿದ್ದೆ, ಮಂಗಳ ಕೇಳಿದರೆ ಏಳುವ ರೂಢಿಗೆ.

ಸಾವಂತ್ರಮ್ಮ ತಟ್ಟೆಯನ್ನು ಎತ್ತಲಿಲ್ಲ. ಮೇಜಿನ ಮೇಲೆ, ಪೆನ್‌ಡ್ರೈವ್ ಪಕ್ಕದಲ್ಲಿ ಇಟ್ಟರು.

"ಇಲ್ಲಪ್ಪ. ನಾ ಬೆಳಗಲ್ಲ."