ಹಳದಿ ಡಬ್ಬದ ಗೊಣಗಾಟ

ನಾನು ಒಂದು ಸ್ಪೀಕರ್. ವಿಧಾನಸೌಧದ ಎತ್ತರದ ಕುರ್ಚಿಯಲ್ಲಿ ಕೂರುವ ಪೈಕಿ ಅಲ್ಲ. ಅವರು ‘ದಯವಿಟ್ಟು ಕೂತ್ಕೊಳ್ಳಿ’ ಎಂದು ಬೇಡಿಕೊಳ್ಳುತ್ತಾರೆ, ನಾನು ‘ದಯವಿಟ್ಟು ಎದ್ದು ಬನ್ನಿ’ ಎಂದು ಬೇಡಿಕೊಳ್ಳುತ್ತೇನೆ. ಇಬ್ಬರ ಮಾತನ್ನೂ ಯಾರೂ ಕೇಳುವುದಿಲ್ಲ. ಈಗ ಹೇಳುವುದು ನಡೆದ ಕಥೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಯಾರಾದರೂ ಮೊದಲು ಹೇಳಿಕೊಡಬೇಕು.

ಹುಟ್ಟಿದ್ದು ತುಮಕೂರಿನಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಹೆತ್ತವನ ಹೆಸರು ವಾಗೀಶ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ‘ಕೂಗು’ ಎಂಬ ಕಂಪನಿ ಕಟ್ಟಲು ಹೊರಟಿದ್ದ. ತಳ್ಳುಗಾಡಿಯವರು ದಿನವಿಡೀ ಕೂಗಿ ಗಂಟಲು ಹರಿದುಕೊಳ್ಳುತ್ತಾರಲ್ಲ, ಅವರ ಬದಲು ಡಬ್ಬ ಕೂಗಲಿ ಎಂಬುದು ಅವನ ಕನಸು. ವೈರುಗಳಿಗೆ ಬೆಸುಗೆ ಹಾಕಿದ, ಬ್ಯಾಟರಿ ಕೂರಿಸಿದ, ಹಳದಿ ಬಣ್ಣ ಬಳಿದ. ಗಿರಣಿಯ ಹಿಟ್ಟು ಹಾರಿ ಬಂದು ಕೂತು, ನಾನು ಹುಟ್ಟುತ್ತಲೇ ಪೌಡರ್ ಹಚ್ಚಿದ ಮಗುವಿನಂತಿದ್ದೆ.

ಅವನ ಪಾಲುದಾರಳು ನೂತನಾ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಸಿಕ್ಕಿಬಿದ್ದವಳು. “ನಾನೇ ಒಂದು ಕೂಗು ಹಾಕ್ಲಾ?” ಎಂದಳು.

“ಬೇಡ ಮಾರಾಯ್ತಿ. ಕಂಪನಿ ಅಂದ್ಮೇಲೆ ಒಂದು ಘನತೆ ಇರ್ಬೇಕು.”

ಘನತೆ ಬಂತು. ಹಿಂದೆ ಸಣ್ಣಗೆ ಸಂಗೀತ, ಮುಂದೆ ಬಾಡಿಗೆಗೆ ತಂದ ಜೇನಿನಂಥ ದನಿ: “ಮಾನ್ಯ ನಾಗರಿಕರೇ, ನಿಮ್ಮ ಮನೆ ಬಾಗಿಲಿಗೇ ಬಂದಿದ್ದೇವೆ. ದಯವಿಟ್ಟು ಸಹಕರಿಸಿ.”

ಸೊಪ್ಪು ಮಾರುವ ಪುಟ್ಟಗಂಗಮ್ಮನ ಗಾಡಿಗೆ ನನ್ನನ್ನು ಕಟ್ಟಿದರು. ಮೊದಲ ಬೀದಿಯಲ್ಲೇ ಬಾಗಿಲುಗಳು ದಬದಬನೆ ತೆರೆದವು. ಹೆಂಗಸರು ಓಡೋಡಿ ಬಂದರು. ವಾಗೀಶನ ಮುಖ ಅರಳಿತು. ಹತ್ತಿರ ಬಂದಾಗ ನೋಡಿದರೆ ಎಲ್ಲರ ಕೈಯಲ್ಲೂ ಬಕೆಟ್ಟು! ಸಂಗೀತ ಹಾಕಿಕೊಂಡು ‘ನಾಗರಿಕರೇ’ ಎನ್ನುತ್ತ ಬರುವುದು ಆ ಬೀದಿಗೆ ಗೊತ್ತಿದ್ದಂತೆ ಒಂದೇ, ಕಸದ ಗಾಡಿ. ಮೊದಲು ಬಂದವರು ನಿದ್ದೆಗಣ್ಣಿನಲ್ಲಿ ಹಸಿ ಕಸವನ್ನು ದಂಟಿನ ಸೊಪ್ಪಿನ ಮೇಲೆ ಸುರಿದೇಬಿಟ್ಟರು. ಹಿಂದಿದ್ದವರು, “ಒಣ ಕಸ ಯಾವ ಕಡೆ ಹಾಕ್ಲಮ್ಮ?” ಎಂದು ವಿನಯದಿಂದ ಕೇಳಿದರು.

“ಏನ್ ವಾಗೀಸಪ್ಪ, ನನ್ ಸೊಪ್ಪಿಗೆ ಮೊಟ್ಟೆ ಸಿಪ್ಪೆ ಒಗ್ಗರಣೆ ಹಾಕುಸ್ತಿಯಲ್ಲಪ್ಪ!” ಎಂದಳು ಪುಟ್ಟಗಂಗಮ್ಮ.

ವಾಗೀಶ ತಿದ್ದಿದ. ‘ನಾಗರಿಕರೇ’ ತೆಗೆದು ‘ಪ್ರೀತಿಯ ಬಂಧುಗಳೇ’ ಹಾಕಿದ. ಎಲೆಕ್ಷನ್ ಬಂತೆಂದುಕೊಂಡು, ತೆರೆದಿದ್ದ ಬಾಗಿಲುಗಳೂ ಮುಚ್ಚಿಕೊಂಡವು. ಸಂಗೀತ ಬದಲಿಸಿ ನಾದಸ್ವರ ಹಾಕಿದ. ಒಬ್ಬ ಅಜ್ಜಿ ಬಂದು ಗಾಡಿಗೆ ಆರತಿ ಎತ್ತಿ, ಕೊತ್ತಂಬರಿಯನ್ನು ಪ್ರಸಾದವೆಂದು ಕಿವಿಗಿಟ್ಟುಕೊಂಡು ಹೋದರು. ತಪ್ಪು ಅವನದು, ಬೈಗುಳ ನನಗೆ. ಬಾಯಿ ನನ್ನದು, ಮಾತು ಮಾತ್ರ ನನ್ನದಲ್ಲ. ಇದಕ್ಕಿಂತ ಹೊಟ್ಟೆ ಉರಿಯುವ ಬಾಳು ಇನ್ನೊಂದುಂಟೇ?

ಸಂಜೆಯಾದರೆ ವಾಗೀಶ ನನ್ನನ್ನು ಮೇಜಿನ ಮೇಲೆ ಕುಕ್ಕಿ, ಕಿಟಕಿಯ ಕಡೆ ತಿರುಗಿ ಶುರುಮಾಡುತ್ತಿದ್ದ. ದಿನವೂ ಅದೇ ಪಾಠ: “ಅಲ್ಲಾ ಕಣ್ರೀ, ನಾನ್ ಕೇಳೋದಿಷ್ಟೇ. ಚೆನ್ನಾಗಿಲ್ವಾ? ಚೆನ್ನಾಗಿದೆ. ಬೇಡ್ವಾ? ಬೇಕು. ಮತ್ತೆ ತಗೊಳ್ಳೋಕೇನ್ರೀ ರೋಗ? ಬಾಗಿಲಾದ್ರೂ ತೆಗೀರಿ!” ಅವನು ಹೇಳುತ್ತಿದ್ದುದು ನನ್ನ ಬಗ್ಗೆ, ನನ್ನನ್ನು ಕೊಳ್ಳದವರಿಗೆ. ಆದರೆ ಕೇಳಿಸಿಕೊಳ್ಳುತ್ತಿದ್ದವರು ನಾನು, ನೂತನಾ ಮತ್ತು ಗಿರಣಿ.

ಕೊನೆಗೆ ಪುಟ್ಟಗಂಗಮ್ಮ ಕಡ್ಡಿ ಮುರಿದಂತೆ ಹೇಳಿದಳು. “ನಾಳೆ ಒಂದಿನ ನೋಡ್ತೀನಪ್ಪ. ಸರಿಹೋಗ್ಲಿಲ್ಲ ಅಂದ್ರೆ ಡಬ್ಬ ವಾಪಸ್ಸು. ಮಿಕ್ಕಿದ್ ಗಾಡಿಯೋರೂ ನನ್ ಮುಖನೇ ನೋಡ್ತಾವ್ರೆ.”

ಅವಳು ವಾಪಸು ಕೊಟ್ಟರೆ ಮಿಕ್ಕ ಗಾಡಿಯವರೂ ಕೊಳ್ಳುವುದಿಲ್ಲ, ಆಮೇಲೆ ಕಂಪನಿಯೂ ಇಲ್ಲ. ವಾಗೀಶ ನೂತನಾಳಿಗೆ, “ನೀನೇ ಹೊಸದಾಗಿ ರೆಕಾರ್ಡ್ ಮಾಡು. ಮರ್ಯಾದೆ ಇನ್ನೂ ಸ್ವಲ್ಪ ಜಾಸ್ತಿ ಹಾಕು” ಎಂದು ಟೀ ಕುಡಿಯಲು ಹೋದ. ಅವಳು ಬಾಗಿಲು ಹಾಕಿ, ಗಂಟಲು ಸರಿಮಾಡಿಕೊಂಡಳು. ನನ್ನ ಹೊಟ್ಟೆಗೆ ಏನು ಹೋಯಿತೆಂದು ನನಗೆ ಗೊತ್ತಿತ್ತು. ಅವನಿಗೆ ಹೇಳೋಣವೆಂದರೆ ಗುಂಡಿ ಒತ್ತುವವರಿಲ್ಲ.

ಬೆಳಿಗ್ಗೆ ಪುಟ್ಟಗಂಗಮ್ಮ ಗುಂಡಿ ಒತ್ತಿದಳು. “ಅಲ್ಲಾ ಕಣ್ರೀ, ನಾನ್ ಕೇಳೋದಿಷ್ಟೇ...” ಎಂದು ನಾನು ಅರಚಿದೆ. ನೂತನಾಳ ಗಂಟಲಿನಿಂದ ಸಾಕ್ಷಾತ್ ವಾಗೀಶನ ದನಿ, ಅವನ ಮೂಗಿನ ಸಮೇತ. ಮಾತಾಡಿದ್ದು ಯಾರೆಂದು ಅವನೇ ಹಿಂದೆ ತಿರುಗಿ ನೋಡಿದ.

“ಬಾಗಿಲಾದ್ರೂ ತೆಗೀರಿ!”

ಒಂದು ಬಾಗಿಲು ತೆರೆಯಿತು. “ತೆಗ್ದೆ ಕಣಪ್ಪಾ, ಅಳ್ಬೇಡ! ಎರಡು ಕಟ್ಟು ಮೆಂತ್ಯ ಕೊಡು” ಎಂದು ಒಬ್ಬ ಹೆಂಗಸು ನನಗೇ ಉತ್ತರ ಕೊಟ್ಟಳು. ಮೇಲಿನ ಮಹಡಿಯಿಂದ, “ರೋಗ ಏನಿಲ್ಲಪ್ಪ, ಇಳಿದ್ ಬರೋಕೆ ಮಂಡಿ ನೋವು. ನಿಲ್ಸು ಗಾಡಿ!” ಎಂದು ಇನ್ನೊಂದು ದನಿ. ಬಂದವರ ಕೈಯಲ್ಲಿ ಈ ಸಲ ಬಕೆಟ್ಟಿರಲಿಲ್ಲ, ಚೀಲವಿತ್ತು.

“ಇದು ನಿನ್ ದನಿ ಅಲ್ವೇನಪ್ಪ ವಾಗೀಸಪ್ಪ?” ಎಂದು ಪುಟ್ಟಗಂಗಮ್ಮ ಕೇಳಿದ್ದೇ ತಡ, ಬೀದಿಗೆ ಬೀದಿಯೇ ಅವನತ್ತ ತಿರುಗಿ ನಕ್ಕಿತು. ಅವನು ಮಾತ್ರ ನಗಲಿಲ್ಲ. ನನ್ನ ಬಾಯಿ ಮುಚ್ಚಿಸಲು ಬಂದ ಕೈ ಗಾಡಿಯ ಮೇಲೆ ಕಂತೆಗಳು ಕರಗುವುದನ್ನು ಕಂಡು ಅಲ್ಲೇ ನಿಂತಿತು. “ಈ ರೆಕಾರ್ಡು ಅಳಿಸ್ಬೇಡ” ಎಂದಷ್ಟೇ ಹೇಳಿ, ಒಂದು ವಾರ ನೂತನಾಳನ್ನು ಮಾತಾಡಿಸಲಿಲ್ಲ.

ಆಮೇಲಿನದು ನಿಮಗೆ ಗೊತ್ತಿರುವಂಥದ್ದೇ. ಅವರವರ ಗೊಣಗಾಟ ಅವರವರ ಡಬ್ಬಕ್ಕೆ ಎಂಬುದು ಕಂಪನಿಯ ಕಟ್ಟಳೆಯಾಯಿತು. ಈರುಳ್ಳಿಯವನು ಹೆಂಡತಿಯ ಮೇಲೆ ಗೊಣಗಿದ, ಹೂವಿನವಳು ಬಿಸಿಲಿನ ಮೇಲೆ. ಊರೂರಿಗೆ ನನ್ನ ತಮ್ಮ ತಂಗಿಯರು ಹೋದರು. ನಾನು ಹಳಬನೆಂದು ಬ್ಯಾಟರಿ ಕಿತ್ತು, ಹೊಸ ಕಟ್ಟಡದ ಗಾಜಿನ ಕಪಾಟಿನಲ್ಲಿ ಕೂರಿಸಿದರು. ಕೂಗಲೆಂದು ಹುಟ್ಟಿದವನಿಗೆ ಸಿಕ್ಕ ಬಹುಮಾನ, ಮೌನ! ಬಂದವರಿಗೆಲ್ಲ ವಾಗೀಶ ನನ್ನನ್ನು ತೋರಿಸಿ, “ಗ್ರಾಹಕರ ಮನಸ್ಸನ್ನು ಆಳವಾಗಿ ಅಧ್ಯಯನ ಮಾಡಿ ಈ ದನಿ ರೂಪಿಸಿದೆವು” ಎನ್ನುತ್ತಿದ್ದ. ಗಾಜಿನೊಳಗೆ ನಾನು ಕುದಿಯುತ್ತಿದ್ದೆ.

ಮೊನ್ನೆ ಕಂಪನಿಯ ಸಮಾರಂಭಕ್ಕೆ ಊರಿನ ದೊಡ್ಡವರೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ಪುಟ್ಟಗಂಗಮ್ಮ. ನೂತನಾ ಬೆಳಿಗ್ಗೆಯೇ ಬಂದು ನನಗೆ ಬ್ಯಾಟರಿ ಹಾಕಿ ಕಣ್ಣು ಹೊಡೆದಿದ್ದಳು. ವಾಗೀಶ ‘ಆಳವಾದ ಅಧ್ಯಯನ’ ಎಂಬಲ್ಲಿಗೆ ಬಂದಾಗ ಅವಳು ಗುಂಡಿ ಒತ್ತಿದಳು.

“ಅಲ್ಲಾ ಕಣ್ರೀ, ನಾನ್ ಕೇಳೋದಿಷ್ಟೇ...”

ಪುಟ್ಟಗಂಗಮ್ಮ ಎದ್ದು ನಿಂತು, “ಇದೇ ಕಣ್ರಪ್ಪ ಅದ್ಯಯನ! ನಮ್ ವಾಗೀಸಪ್ಪ ಅತ್ತಿದ್ದು!” ಎಂದಳು. ವಾಗೀಶ ನನ್ನನ್ನು ನೋಡಿದ. ಕೈಲಿದ್ದ ಮೈಕು ಕೆಳಗಿಟ್ಟ. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಕಣ್ಣಲ್ಲಿ ನೀರು ಬರುವಂತೆ, ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗುವಿನ ಅಬ್ಬರಕ್ಕೆ ಬೀದಿಗಳನ್ನೇ ಎಬ್ಬಿಸಿದ ನನ್ನ ದನಿ ಯಾರಿಗೂ ಕೇಳಿಸದೇ ಹೋಯಿತು. ಬಾಳಿನಲ್ಲಿ ಅದೊಂದಕ್ಕೆ ಮಾತ್ರ ನಾನು ಗೊಣಗಲಿಲ್ಲ.