ತಲೆಕೆಳಗಾದ ಎಂಟನೇ ತರಗತಿ

ನನ್ನ ತಮ್ಮ ತಾನಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿ ವರ್ಷಗಳೇ ಕಳೆದಿದ್ದವು. ಹಾಗಾಗಿ ಅವನು ಫೋನ್ ಮಾಡಿ, "ಅಕ್ಕಾ, ಹೈಸ್ಕೂಲಿನ ಮೂರು ವರ್ಷಕ್ಕೂ ಪಾಠ ಪ್ಲಾನ್ ಮಾಡ್ಕೊಡು, ಮನೇಲೇ ನಾನು ಹೇಳ್ಕೊಡ್ತೀನಿ" ಎಂದಾಗ, ಬೈಯಲೆಂದು ತೆರೆದ ಬಾಯನ್ನು ಮುಚ್ಚಿಕೊಂಡೆ. ನನ್ನ ಮಟ್ಟಿಗೆ ಇದು ದೊಡ್ಡ ತ್ಯಾಗ. ಹೈಸ್ಕೂಲಿನಲ್ಲಿ ವಿಜ್ಞಾನ ಮತ್ತು ಗಣಿತ ಕಲಿಸುವವಳು ನಾನು. ನನಗೆ ಬರುವ ಸಂಬಳದಲ್ಲಿ ಅರ್ಧ ಬೈದಿದ್ದಕ್ಕೇ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಅವನ ಮಗ ಶಾಲೆಯ ಪ್ರವಾಸಕ್ಕೆಂದು ಹೋಗಿ ಕೆರೆಯಲ್ಲಿ ಮುಳುಗಿ ಸತ್ತ. ಮಣ್ಣು ಮಾಡಿ ಬಂದ ಮಾರನೆಯ ದಿನವೇ ಅವನು ಮಗಳನ್ನು ಶಾಲೆ ಬಿಡಿಸಿದ. ಆಮೇಲೆ ಅವನು ಯಾವ ತೀರ್ಮಾನವನ್ನೂ ಮಾಡಲಿಲ್ಲ. ನೀರೆತ್ತುವ ಪಂಪುಗಳ ರಿಪೇರಿಗೆ ಹೋಗುವುದು, ಬಂದು ಹಜಾರದ ಸೋಫಾದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗುವುದು, ಅಷ್ಟೇ. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಕೈತೊಳೆಯುತ್ತಿದ್ದ. ಸತ್ತ ಹುಡುಗನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಮಗಳಿಗೆ ಏಳನೇ ತರಗತಿಯವರೆಗೆ ಅವಳ ಅಮ್ಮನೇ ಮನೆಯಲ್ಲಿ ಪಾಠ ಹೇಳಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಮುಗಿಸಿ ಬಂದು, ಬ್ಲೀಚು ನಾರುವ ಕೈಯಲ್ಲೇ ಭಿನ್ನರಾಶಿ ಬಿಡಿಸಿ ತೋರಿಸುತ್ತಿದ್ದಳು. ಹೈಸ್ಕೂಲಿನ ಪಾಠ ಅವಳ ಕೈ ಮೀರಿದ್ದು.

ಮಾತಾಡಿಕೊಂಡು ಬರಲು ಹೋದ ದಿನ ಹುಡುಗಿ ನನ್ನನ್ನು ಮೆಟ್ಟಿಲ ಬಳಿಯೇ ಹಿಡಿದಳು. ಅವಳನ್ನು ನಾವು ಕರೆಯುವುದೇ ಮಿಡತೆ ಎಂದು. ಹುಟ್ಟಿದಾಗಿನಿಂದ ಕೂತಲ್ಲಿ ಕೂತವಳಲ್ಲ. ಈಗ ಕೂರುವುದನ್ನು ಕಲಿತಿದ್ದಳು.

"ಅತ್ತೆ, ನಿಮ್ಮ ಸ್ಕೂಲಲ್ಲಿ ಕೊನೇ ಬೆಂಚಲ್ಲಿ ಯಾರು ಕೂರ್ತಾರೆ?"

"ತಲೆಹರಟೆಗಳು."

"ಎಲ್ಲರ ಮುಂದೆ ಬೈಸ್ಕೊಂಡ್ರೆ ಹೇಗಿರತ್ತೆ?"

"ನಾನು ಬೈದ್ರೆ ಚೆನ್ನಾಗಿರಲ್ಲ."

ಅವಳು ನಗಲಿಲ್ಲ. "ನಂಗೆ ಬೈಸ್ಕೋಬೇಕು ಅತ್ತೆ. ಅಪ್ಪಂಗೆ ಹೇಳಿ ನನ್ನ ಸೇರಿಸು, ಪ್ಲೀಸ್" ಎಂದಳು. ಬೈಸಿಕೊಳ್ಳಲು ಹಂಬಲಿಸುವ ಮಗುವನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಒಳಗೆ ಹೋಗಿ ತಮ್ಮನಿಗೆ ಹೇಳಿದೆ. "ಇಲ್ಲ" ಎಂದ. ಇನ್ನೊಮ್ಮೆ ಹೇಳಿದೆ. ಎದ್ದು ಹೋಗಿ ಸೋಫಾದ ಮೇಲೆ ಗೋಡೆ ನೋಡುತ್ತಾ ಮಲಗಿಬಿಟ್ಟ. ಅವನ ಬೆನ್ನಿಗೆ ನಾಲ್ಕು ಬಾರಿಸೋಣ ಎನ್ನಿಸಿತು. ಬಾರಿಸುವುದಕ್ಕೂ ಅಲ್ಲಿ ಏನೂ ಉಳಿದಿರಲಿಲ್ಲ, ಬರೀ ಮೂಳೆ.

ಆಗಲೇ ನನ್ನ ತಲೆಗೆ ಈ ಉಪಾಯ ಹೊಳೆದದ್ದು. ಸರಿ, ಸದ್ಯಕ್ಕೆ ಎಂಟನೆಯದಕ್ಕೆ ಪ್ಲಾನ್ ಮಾಡಿಕೊಡುತ್ತೇನೆ. ಅವನ ಕೈಲಿ ಆಗಬಾರದು, ಹಾಗೆ ಮಾಡಿಕೊಡುತ್ತೇನೆ. ಪಾಠಗಳಿಗೊಂದು ಕ್ರಮ ಇರುತ್ತದೆ. ಮೊದಲಿನದು ತಲೆಗೆ ಹತ್ತದೆ ಮುಂದಿನದು ಹತ್ತುವುದಿಲ್ಲ. ನಾನು ಬೇಕೆಂದೇ ಆ ಕ್ರಮ ಕೆಡಿಸಿದೆ. ಸಮೀಕರಣ ಬಿಡಿಸಲು ಬರುವ ಮೊದಲೇ ಸಮೀಕರಣ ಬೇಕಾಗುವ ಲೆಕ್ಕಗಳನ್ನು ಹಾಕಿದೆ. ಪರಮಾಣು ಎಂದರೇನೆಂದು ತಿಳಿಯುವ ಮೊದಲೇ ರಾಸಾಯನಿಕ ಕ್ರಿಯೆ. ವಾರಕ್ಕೊಂದು ಪ್ರಯೋಗ, ಅದಕ್ಕೆ ಬೇಕಾದ ಸಾಮಾನು ಊರೆಲ್ಲ ಸುತ್ತಿದರೂ ಸಿಗಬಾರದು. ಹೊಸ ಮೇಷ್ಟ್ರುಗಳು ಗೊತ್ತಿಲ್ಲದೆ ಮಾಡುವ ತಪ್ಪುಗಳನ್ನೆಲ್ಲ ನಾನು ಗೊತ್ತಿದ್ದೇ ಮಾಡಿದೆ. ಹೈಸ್ಕೂಲಿನ ಮೆಟ್ಟಿಲನ್ನೇ ಸರಿಯಾಗಿ ಹತ್ತದವನು, ತಿಂಗಳೊಳಗೆ ತಲೆ ಮೇಲೆ ಕೈಹೊತ್ತು ಮಗಳನ್ನು ನನ್ನ ಕೈಗೆ ಒಪ್ಪಿಸುತ್ತಾನೆ. ಇಷ್ಟು ಲೆಕ್ಕ ಹಾಕಿ ನಮ್ಮ ಹೆಡ್‌ಮಿಸ್‌ಗೆ ಹೇಳಿ ಒಂದು ಸೀಟು ಇಡಿಸಿದೆ.

ತಿಂಗಳು ಕಳೆಯಿತು, ಫೋನ್ ಬರಲಿಲ್ಲ. ಎರಡನೆಯ ತಿಂಗಳೂ ಮುಗಿಯುತ್ತಾ ಬಂದಾಗ ತಾಳ್ಮೆ ಕೆಟ್ಟು ನಾನೇ ಹೋದೆ.

ಸೋಫಾ ಖಾಲಿಯಾಗಿತ್ತು. ತಮ್ಮ ಗಡ್ಡ ಬೋಳಿಸಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದ. ಮೇಜಿನ ತುಂಬ ಪುಸ್ತಕ, ಹಳೆಯ ಬಾಟಲಿ, ಪಂಪಿನಿಂದ ಕಿತ್ತು ತಂದ ರಬ್ಬರ್ ಕೊಳವೆ. ಅವನ ಪಾಠ ಕೇಳಿದರೆ ದೇವರಿಗೇ ಪ್ರೀತಿ. ಒಂದೂ ಸರಿಯಿರಲಿಲ್ಲ. ಸಮೀಕರಣದಲ್ಲಿ ಒಂದು ಸಂಖ್ಯೆಯನ್ನು ಎಡದಿಂದ ಬಲಕ್ಕೆ ತಂದ, ಚಿಹ್ನೆ ಬದಲಿಸುವುದನ್ನು ಮರೆತ. ನನ್ನ ನಾಲಿಗೆ ತುರಿಸಿತು. ಅಷ್ಟರಲ್ಲಿ ಮಿಡತೆ ಹಣೆ ಗಂಟಿಕ್ಕಿ, "ಅಪ್ಪಾ, ಈ ಕಡೆ ಬಂದ್ಮೇಲೂ ಇದು ಪ್ಲಸ್ಸೇ ಇರತ್ತಾ? ನಂಗೆ ಅರ್ಥ ಆಗ್ಲಿಲ್ಲ" ಎಂದಳು.

ಅವನು ಪುಸ್ತಕ ತಿರುವಿ ಹಾಕಿದ. "ಅಯ್ಯೋ, ಇಲ್ಲ ಕಣೇ, ಮೈನಸ್ ಆಗತ್ತೆ! ಒಳ್ಳೇ ಪ್ರಶ್ನೆ ಕೇಳ್ದೆ ನೋಡು."

ಅರ್ಥವಾಗದ ಮಕ್ಕಳ ಮುಖ ನೋಡಿ ನೋಡಿಯೇ ನನ್ನ ಕೂದಲು ಬೆಳ್ಳಗಾಗಿದೆ. ಇವಳದು ಆ ಮುಖ ಅಲ್ಲವೇ ಅಲ್ಲ. ಇವಳು ಮೊದಲೇ ತಾನೇ ಓದಿಕೊಂಡು, ನನ್ನ ಕೆಟ್ಟ ಕ್ರಮವನ್ನೆಲ್ಲ ತಾನೇ ಸರಿಮಾಡಿಕೊಂಡು, ಆಮೇಲೆ ಏನೂ ಬರದವಳಂತೆ ಅಪ್ಪನ ಎದುರು ಕೂರುತ್ತಿದ್ದಳು.

ಅವನು ಪೆನ್ನು ಕೆಳಗಿಟ್ಟು ಸಣ್ಣಗೆ ನಕ್ಕ. "ನಿಮ್ಮಣ್ಣ ಆಗಿದ್ರೆ ಇಷ್ಟೊತ್ತಿಗೆ ನನ್ನ ಗೇಲಿ ಮಾಡಿ ಸಾಯಿಸಿಬಿಡ್ತಿದ್ದ" ಎಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವನ ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು, ಆಮೇಲೆ ನನ್ನನ್ನು. "ಅತ್ತಿಗೆ, ಊಟ ಮಾಡ್ಕೊಂಡೇ ಹೋಗ್ಬೇಕು ನೀವು. ಈಗೆಲ್ಲ ಇವರೂ ಎರಡೆರಡು ಸಲ ಬಡಿಸ್ಕೊಳ್ತಾರೆ" ಎಂದು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

ಊಟವಾದ ಮೇಲೆ ಹುಡುಗಿಯನ್ನು ತಾರಸಿಗೆ ಎಳೆದುಕೊಂಡು ಹೋದೆ. ಒಣಹಾಕಿದ ಬಟ್ಟೆಗಳ ನಡುವೆ ನಿಲ್ಲಿಸಿ, "ಸೀಟು ಇಡಿಸಿದೀನಿ. ಇವತ್ತೇ ನಿಮ್ಮಪ್ಪನ ಹತ್ರ ಜಗಳ ಆಡ್ತೀನಿ. ಏನಾದ್ರೂ ಆಗ್ಲಿ" ಎಂದೆ.

"ಬೇಡ ಅತ್ತೆ."

"ಬೇಡ ಅಂದ್ರೆ? ಬೈಸ್ಕೋಬೇಕು ಅಂತಿದ್ದೆ?"

"ಈಗಲೂ ಅನ್ಸತ್ತೆ. ದಿನಾ ಅನ್ಸತ್ತೆ." ಒದ್ದೆ ಅಂಗಿಯೊಂದರ ತೋಳನ್ನು ಹಿಂಡುತ್ತಾ ನಿಂತಳು. "ನೀನು ಪಾಠ ಎಲ್ಲ ಬೇಕಂತಲೇ ತಲೆಕೆಳಗು ಮಾಡಿದ್ದು ನಂಗೆ ಮೊದಲನೇ ವಾರಾನೇ ಗೊತ್ತಾಯ್ತು. ಅಪ್ಪಂಗೆ ಹೇಳಿಲ್ಲ. ಅವರು ತಮಗೇ ಬರ್ತಿಲ್ಲ ಅನ್ಕೊಂಡು ಬೆಳಿಗ್ಗೆ ಬೇಗ ಎದ್ದು ಓದ್ತಾರೆ ಅತ್ತೆ. ಎದ್ದೇಳ್ತಾರೆ."

ಬೈಯೋಣವೆಂದರೆ ಯಾರನ್ನು ಬೈಯಲಿ? ಆ ಕೆರೆಯನ್ನೇ? ಅವನ ಎದುರು ಹೋಗಿ ಜಗಳವಾಡಿ ಇವಳನ್ನು ಕರೆದುಕೊಂಡು ಹೋಗುವುದು ನನಗೇನೂ ದೊಡ್ಡದಲ್ಲ. ಆಮೇಲೆ ಆ ಮೇಜಿನ ಮುಂದೆ ಅವನೊಬ್ಬನೇ ಕೂತಿರುವುದು ಕಣ್ಣಿಗೆ ಕಟ್ಟಿತು. ಕೂತಿರುವುದಿಲ್ಲ, ಮಲಗಿರುತ್ತಾನೆ.

"ಇದಾದ್ಮೇಲೂ ಇನ್ನೂ ಎರಡು ವರ್ಷ ಇದೆಯಲ್ಲೇ" ಎಂದೆ.

"ಅದಕ್ಕೇ ಅತ್ತೆ. ಒಂಬತ್ತು, ಹತ್ತು ಎರಡನ್ನೂ ಇನ್ನೂ ಕಷ್ಟ ಮಾಡ್ಕೊಡು. ಸುಲಭ ಇದ್ರೆ ಬೇಗ ಮುಗಿದುಹೋಗತ್ತೆ, ಅವರು ಮತ್ತೆ ಮಲಕ್ಕೊಂಡ್ಬಿಡ್ತಾರೆ."

ಕೆಳಗಿನಿಂದ ಅವಳ ಅಪ್ಪ ಕೂಗಿದ. ಅವಳು ಮೂರು ಮೂರು ಮೆಟ್ಟಿಲು ಹಾರುತ್ತಾ ಇಳಿದು ಓಡಿದಳು.

ಆ ಭಾನುವಾರವಿಡೀ ಕೂತು ಒಂಬತ್ತನೇ ತರಗತಿಯ ಪಾಠಗಳನ್ನು ಯಾರೂ ಮುಗಿಸಲಾರದ ಹಾಗೆ ಜೋಡಿಸಿದೆ. ಮಾರನೆಯ ದಿನ ಹೆಡ್‌ಮಿಸ್ ಕೋಣೆಗೆ ಹೋಗಿ, ಆ ಸೀಟನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ ಎಂದು ಹೇಳಿ ಬಂದೆ.